ನಮ್ಮವ್ವನ ಮಾತು ಗೋಡೆ ಮ್ಯಾಲ

ಹೊಸಪೇಟೆ ಬಸ್ ನಿಲ್ದಾಣದಲ್ಲಿ ತೋರಣಗಲ್ಲಿನ ಕಂಪನಿ ಬಸ್ಸಿಗೆ ಕಾಯುತ್ತಿದ್ದ ಸಂಘಮಿತ್ರಾಳ ಕಿವಿಗೆ ಮೊದಲು ಬಿದ್ದದ್ದು ಬೈಗುಳ. ಚಟ್ನಿಪುಡಿ ಮಾರುವ ಜಂಬಕ್ಕ ಎದುರು ಗೋಡೆಯ ಜಾಹೀರಾತಿಗೆ ಕೈ ತೋರಿಸಿ ಬೈಯುತ್ತಿದ್ದಳು. ಅದರಲ್ಲಿ ಸಿನಿಮಾದ ಹುಡುಗಿಯೊಬ್ಬಳು ‘ಗೌರಿಬುತ್ತಿ’ ಚಟ್ನಿಪುಡಿಯ ಪಾಕೀಟು ಹಿಡಿದು ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ, ‘ನಾಲಿಗಿಗೆ ಹಚ್ಚಿ ನೋಡ್ರಿ, ಆಮ್ಯಾಲ ಬೈರಿ!’

“ನೋಡಬೇ ಉಚ್ಚಂಗೆಮ್ಮ, ಅದು ನಮ್ಮವ್ವನ ಮಾತು!”

“ಇರ್ಲಿ ಬಿಡಬೇ,” ಎಂದಳು ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದ ಉಚ್ಚಂಗೆಮ್ಮ. “ಯಾರ ಬಾಯಾಗಾದ್ರೂ ಬರೋ ಮಾತು.”

“ಯಾರ ಬಾಯಾಗೂ ಬರ್ಲಿಲ್ಲ! ಯಶವಂತನಗರದಾಗ ಗಣಿ ಮಂದಿ ಅವ್ವ ಮಾರೋ ಪುಡಿ ಕೆಂಪಗಿರೋದು ನೋಡಿ, ‘ಅದಿರಿನ ಧೂಳ ಕಲಿಸೀಯೇನು?’ ಅಂತ ಬೈತಿದ್ರು. ಅವ್ವ ಅವ್ರ ಅಂಗೈಯಾಗ ಒಂದು ಚಿಟಿಕಿ ಹಾಕಿ ಹಿಂಗಂತಿದ್ಲು. ಬೈದವ್ರೇ ಬುತ್ತಿ ಬಿಚ್ಚಿ, ಇನ್ನೊಂದಿಷ್ಟು ಹಾಕು ಅಂತಿದ್ರು.”

“ಅಕಿ ಹೋಗಿ ಭಾಳ ದಿನ ಆತು. ಈಗ ಕೇಳೋರ್ಯಾರು?”

“ನಾ ಇದ್ದೀನಲ್ಲ! ಆ ಹುಡುಗಿ ಯಾರ ಅಂಗೈಯಾಗಾದ್ರೂ ಒಂದು ಚಿಟಿಕಿ ಹಾಕ್ಯಾಳೇನು? ಸೀಲ್ ಹಾಕಿದ ಪಾಕೀಟ ಹಿಡಕೊಂಡು ನಾಲಿಗಿಗೆ ಹಚ್ರಿ ಅಂತಾಳ, ನಾಚಿಕಿಲ್ದಾಕಿ!”

ಸಂಡೂರಿನ ಬಸ್ಸು ಬಂತು. ಜಂಬಕ್ಕ ಬುಟ್ಟಿ ಎತ್ತಿಕೊಂಡು ಹತ್ತಿ, ಬಾಗಿಲಲ್ಲೇ ನಿಂತು ಗಂಟಲು ಬಿಚ್ಚಿ ಕೂಗಿದಳು: “ನಾಲಿಗಿಗೆ ಹಚ್ಚಿ ನೋಡ್ರಿ, ಆಮ್ಯಾಲ ಬೈರಿ!”

ಬಸ್ಸಿನ ತುಂಬ ನಗು. ಕೂತವರೆಲ್ಲ ಟಿವಿಯಲ್ಲಿ ಬರುವ ಹಾಗೆಯೇ ರಾಗ ಎಳೆದು ಮುಗಿಸಿದರು: “ಗೌರಿಬುತ್ತೀ!”

ಬಸ್ಸು ಹೊರಟುಹೋದ ಮೇಲೆ ಸಂಘಮಿತ್ರಾಳಿಗೆ ಅರಿವಾಯಿತು, ಕೆಳಗೆ ನಿಂತಿದ್ದ ತಾನೂ ಆ ರಾಗ ಎಳೆದಿದ್ದಳು.