ಕಾರಿನಲ್ಲಿ ಕೂತಿದ್ದ ಅವ್ವ

ಒಂದೂರಿನಲ್ಲಿ ಒಬ್ಬ ಕೊಬ್ಬರಿ ಸಾಹುಕಾರ ಇದ್ದ. ದುಡ್ಡೂ ಇತ್ತು, ಒಳ್ಳೆಯ ಗುಣವೂ ಇತ್ತು. ಎರಡೂ ಒಟ್ಟಿಗೆ ಇರುತ್ತವೆಯೇ ಅಂತ ಹಿಂದೆ ಕೂತವರು ನಗುತ್ತಿದ್ದೀರಿ. ಇರುತ್ತವೆ, ನೋಡಿ, ಅಪರೂಪಕ್ಕೆ ಇರುತ್ತವೆ.

ಅವನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ದೇವರ ದಯೆ, ಜೀವ ಉಳಿಯಿತು. ಆದರೆ ಎತ್ತಿ ಕೂರಿಸಲು, ಸ್ನಾನ ಮಾಡಿಸಲು ಪಳಗಿದ ಕೈ ಬೇಕು. ಸೊಸೆಗೆ ಹೃದಯದ ಕಾಯಿಲೆ, ಮಗನಿಗೆ ಬೆನ್ನುನೋವು. ಸಂಬಳ ಕೊಟ್ಟು ಇಟ್ಟ ಆಯಾಗಳು ವಾರ ನಿಲ್ಲಲಿಲ್ಲ. ಅವ್ವನೇ ಹೇಳಿದಳು: "ನೋಡ್ಕೊಳ್ಳೋರು ಇರೋ ಕಡೆ ಸೇರಿಸಪ್ಪಾ. ನನ್ನ ಎತ್ತೋಕೆ ಹೋಗಿ ನೀವೂ ಹಾಸಿಗೆ ಹಿಡೀಬೇಡಿ."

ವೃದ್ಧಾಶ್ರಮ ಅಂದ ತಕ್ಷಣ ಮುಖ ಗಂಟು ಹಾಕಬೇಡಿ. ಆರೈಕೆ ಮಾಡುವ ಕೈ ಎಲ್ಲಿದ್ದರೂ ಅದಕ್ಕೆ ನಮಸ್ಕಾರ ಮಾಡಬೇಕು.

ಸಾಹುಕಾರ ಆಶ್ರಮಗಳನ್ನು ನೋಡಲು ಹೊರಟ. ಚೀಲದ ಬಾಯಲ್ಲಿರುವ ಕೊಬ್ಬರಿ ನೋಡಿ ಮೋಸಹೋಗುವ ಆಸಾಮಿ ಅಲ್ಲ ಅವನು, ತಳಕ್ಕೇ ಕೈ ಹಾಕುವವನು. ಅಡುಗೆಮನೆ ನೋಡಿದ, ಬಚ್ಚಲು ನೋಡಿದ, ಹಾಸಿಗೆ ಒತ್ತಿ ನೋಡಿದ. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಮುಚ್ಚಿ ನಿಂತು, ಸದ್ದುಗದ್ದಲ ಇದೆಯೇ ಅಂತ ಕೇಳಿಸಿಕೊಂಡ. ಅವ್ವನಿಗೆ ನೆಮ್ಮದಿ ಬೇಕಲ್ಲ! ಅವ್ವ ಎಲ್ಲಿದ್ದಳು? ಕಾರಿನಲ್ಲಿ. ಪ್ರತಿ ಸಲವೂ ಒಂದೇ ಮಾತು: "ನೀನು ಇಲ್ಲೇ ಕೂತಿರವ್ವಾ, ದಣಿಬೇಡ. ನಾನು ನೋಡ್ಕೊಂಡು ಬರ್ತೀನಿ." ಅವಳು, "ಆಯ್ತಪ್ಪ."

ಕೊನೆಗೊಂದು ಆಶ್ರಮ. ಅದರ ಎದುರಿಗೇ ಸಂತೆ. ಕೂಗಾಟ, ಹಾರ್ನ್ ಸದ್ದು, ಮೇಕೆಗಳ ಅರಚಾಟ. ಇದು ಆಗುವುದಿಲ್ಲ ಅಂತ ತಲೆಯಾಡಿಸುತ್ತಾ ಹೊರಗೆ ಬಂದ. ಕಾರಿನಲ್ಲಿ ಅವ್ವ ಇಲ್ಲ!

ಅತ್ತಿತ್ತ ಓಡಿದ. ಹುಡುಕಿದರೆ, ಆಶ್ರಮದ ಜಗಲಿಯ ಆ ತುದಿಯಲ್ಲಿ, ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಆಯಾ ಒಬ್ಬಳಿಗೆ ಹೇಳಿ ಇಳಿಸಿಕೊಂಡಿದ್ದಾಳೆ. ಕಂಬಿಯಾಚೆಯ ಸೊಪ್ಪಿನವಳ ಜೊತೆ ಜೋರು ಚೌಕಾಸಿ: "ಇದೇನೇ, ಕಟ್ಟು ಇಷ್ಟು ಸಣ್ಣಕ್ಕಿದೆ? ಇನ್ನೊಂದು ಹಾಕು!" ಬಿದ್ದಾಗಿನಿಂದ ಆ ಮುಖದಲ್ಲಿ ಅಂಥ ಕಳೆ ಅವನು ನೋಡಿರಲಿಲ್ಲ.

"ಇಲ್ಲಿ ಗಲಾಟೆ ಜಾಸ್ತಿ ಅವ್ವಾ, ಬೇರೆ ನೋಡೋಣ" ಅಂದ.

"ಸಂತೆ ಬೀದೀಲಿ ಬಾಳಿದೋಳು ಕಣಪ್ಪಾ ನಾನು. ಸದ್ದಿಲ್ದಿದ್ರೆ ನಂಗೆ ದಿಗಿಲಾಗುತ್ತೆ."

"ಮೊದ್ಲೇ ಹೇಳ್ಬಾರ್ದಿತ್ತಾ?"

ಅವ್ವ ನಕ್ಕಳು. "ನೀನು ಕೇಳಿದ್ದರೆ ತಾನೆ? ನಿಂಗೆ ಹೆಣ್ಣು ನೋಡೋಕೆ ಹೋದಾಗ ನಿನ್ನನ್ನ ಗಾಡೀಲಿ ಕೂರಿಸಿ ನಾನೊಬ್ಳೇ ಒಳಗೆ ಹೋಗಿದ್ನೇನೋ? ಪಕ್ಕದಲ್ಲಿ ಕೂರಿಸ್ಕೊಂಡು, ‘ಬಾಳೋನು ನೀನು, ಒಪ್ಪಿಗೆನಾ ಹೇಳು’ ಅಂತ ಮೊದ್ಲು ನಿನ್ನನ್ನೇ ಕೇಳ್ದೆ. ಇಲ್ಲಿ ಬಾಳೋಳು ಯಾರಪ್ಪಾ?"

ಸಾಹುಕಾರ ಜಗಲಿಯಲ್ಲೇ ಅವಳ ಪಾದ ಹಿಡಿದ. ಅವ್ವ ತಲೆ ಸವರಿ, "ನಂಗೋಸ್ಕರ ಇಷ್ಟು ಅಲೆದ್ಯಲ್ಲಾ, ನನ್ನ ಪುಣ್ಯ ಕಣೋ" ಅಂದಳು. ಅವನ ಕಣ್ಣಲ್ಲಿ ನೀರು. ಅವಮಾನದ್ದಲ್ಲ. ತಪ್ಪು ತಿದ್ದಿ ಬೈಯುವುದಕ್ಕೆ ಅವ್ವ ಇನ್ನೂ ಇದ್ದಾಳಲ್ಲ, ಆ ಸಂತೋಷದ್ದು.

ನೋಡಿ, ನೀವೂ ಕೆಟ್ಟ ಮಕ್ಕಳಲ್ಲ. ಕೆಟ್ಟ ಮಕ್ಕಳು ಪ್ರವಚನಕ್ಕೆ ಯಾಕೆ ಬರುತ್ತಾರೆ? ಅಪ್ಪನಿಗೆ ಸ್ವೆಟರ್ ತರುತ್ತೀರಿ. ಬಣ್ಣ ಕೇಳಿದ್ದೀರಾ? ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತೀರಿ. ಎಲ್ಲಿ ನೋವು ಅಂತ ಡಾಕ್ಟರು ಅವಳನ್ನು ಕೇಳಿದರೆ ಉತ್ತರ ಕೊಡುವವರು ಯಾರು? ನೀವೇ! ಇವತ್ತು ಮನೆಗೆ ಹೋಗಿ, ಹಿರಿಯರ ಪಕ್ಕ ಕೂತು, "ನಿಮಗೆ ಹೇಗೆ ಬೇಕು?" ಅಂತ ಕೇಳಿ. ಕೇಳಿ ಸುಮ್ಮನಿರಿ. ಅವರು ನಿಧಾನವಾಗಿ ಹೇಳುತ್ತಾರೆ, ಹೇಳಲಿ. ಆ ದನಿ ಕೇಳುವ ಭಾಗ್ಯ ಇನ್ನೂ ಇದೆಯಲ್ಲ, ಅದಕ್ಕೆ ದೇವರಿಗೆ ಕೈಮುಗಿಯಿರಿ.

ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ನೀವೇ ತೀರ್ಮಾನಿಸಿ ಅವ್ವನನ್ನು ಹೊರಗೆ ಕಾರಿನಲ್ಲಿ ಕೂರಿಸಿ ಬಂದವರು ಯಾರಾದರೂ ಇದ್ದೀರಾ? ಎದ್ದು ಹೋಗಿ, ಒಳಗೆ ಬರ್ತೀಯಾ ಅಂತ ಕೇಳಿ ಬನ್ನಿ. ಮಂಗಳಾರತಿ ಆಮೇಲೆ. ನಾನು ಕಾಯುತ್ತೇನೆ.