ಕಡಿಯಲಾಗದ ಸೌತೆಕಾಯಿ

ಟಿ. ದಾಸರಹಳ್ಳಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ಗಂಡ ಪೀಣ್ಯದ ಯಾವುದೋ ಕಾರ್ಖಾನೆಯ ನೀಲಿ ಅಂಗಿ ತೊಟ್ಟಿದ್ದ. ಹೆಂಡತಿ ಚೀಲದಿಂದ ಎಳೆ ಸೌತೆಕಾಯಿ ತೆಗೆದು ಅವನ ಕೈಗಿಟ್ಟಳು.

“ಒಳಗ ಹೋಗೂದ್ರಾಗ ತಿಂದುಬಿಡ್ರಿ. ಇವತ್ತ ಮುಂದಿನ ಹಲ್ಲೂ ಕೀಳ್ತಾರ.”

“ಊರಾಗ ಹಸಿ ಮೂಲಂಗಿ, ಮೆಂತ್ಯೆ ಸೊಪ್ಪು ಇಲ್ಲಂದ್ರ ನನಗ ರೊಟ್ಟಿ ಇಳೀತಿರಲಿಲ್ಲ.”

“ಆಡಿನಂಗ ಮೇಯ್ತಿದ್ರಿ.”

“ಇಲ್ಲಿ ಹನ್ನೆರಡು ವರ್ಷ ಕ್ಯಾಂಟೀನಿನ ಅನ್ನ ತಿಂದೆ. ಸಕ್ಕರೆ ಬ್ಯಾನಿ ಬಂದು ಹಲ್ಲು ತಿಂತು.”

ಅವನು ಕಚ್ಚಿ ಕಣ್ಣು ಮುಚ್ಚಿದ. ಕಚ್ಚಿದ ಜಾಗದಲ್ಲಿ ರಕ್ತ ಅಂಟಿತ್ತು.

“ನೋವಾತೇನ್ರಿ?”

“ರುಚಿ ಐತಿ,” ಎಂದು ಅದನ್ನು ಅವಳಿಗೇ ಕೊಟ್ಟ.

“ಹೊಸ ಹಲ್ಲು ಕಟ್ಟಿಸಿಂದ ತಿನ್ನಾಕ ಬರ್ತದಲ್ರಿ.”

“ಮೊದಲ ಸಕ್ಕರೆ ಇಳೀಲಿ, ಆಮ್ಯಾಲ ಕಟ್ತೀನಿ ಅಂದಾರ ಈ ಡಾಕ್ಟ್ರು.”

“ಇಳಿಸೋಣ್ರಿ.”

“ಹಸಿ ಕಾಯಿಪಲ್ಲೆ ತಿಂದು ಇಳಿಸ್ಕೋ ಅಂತ ಸಕ್ಕರೆ ಡಾಕ್ಟ್ರು ಬರದುಕೊಟ್ಟಾರ. ಯಾವ ಹಲ್ಲಿಲೆ ಕಡೀಲಿ, ದೇವಕ್ಕ?”

“ನಾ ತುರಿದು ಕೊಡ್ತೀನಲ್ರಿ.”

“ತುರಿದದ್ದೂ ವಸಡಿಗೆ ಚುಚ್ಚತೈತಿ. ಒಂದು ವಾರ ಆತು, ನೀ ಕೊಟ್ಟಿದ್ದು ಹೊರಗ ಹೋಗಿ ಉಗುಳಿ ಬರ್ತೀನಿ. ನಿನಗ ಹೇಳಿಲ್ಲ.”

ದೇವಕ್ಕ ಸೆರಗಿನಿಂದ ಅವನ ತುಟಿಯ ಅಂಚು ಒರೆಸಿದಳು.

“ಫಕ್ಕೀರಪ್ಪ ಯಾರು? ಬನ್ನಿ ಅಣ್ಣ,” ಎಂದು ನರ್ಸ್ ಕರೆದಳು.

ಇಬ್ಬರೂ ಎದ್ದರು. ಬಾಗಿಲ ಬಳಿ ದೇವಕ್ಕ ಕೇಳಿದಳು.

“ಕೀಳೂ ಮುಂದ ನಾ ಇವ್ರ ಕೈ ಹಿಡಕೊಂಡು ನಿಂದ್ರಬಹುದೇನ್ರಿ?”

“ನೀವು ಹೊರಗಡೆನೇ ಕೂತ್ಕೊಳ್ಳಿ ಅಕ್ಕ.”

ಫಕ್ಕೀರಪ್ಪ ಒಳಗೆ ಹೋದ. ದೇವಕ್ಕ ಬೆಂಚಿಗೆ ಮರಳಲಿಲ್ಲ, ಮೆಟ್ಟಿಲಿಳಿದು, ಒಳಗಿನ ಸದ್ದು ಕೇಳಿಸದಷ್ಟು ದೂರ ರಸ್ತೆಗೆ ಹೋಗಿ ನಿಂತಳು.