ರೇಣುಕಾಳ ಮನೆಯ ಹಂಚು

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ವಿಶಾಖಪಟ್ಟಣದ ಮೇಲೆ ಮಧ್ಯಾಹ್ನದಿಂದ ಒಂದೇ ಸಮನೆ ಮಳೆ ಸುರಿಯುತ್ತಿತ್ತು. ನೌಕಾದಳದ ಕ್ವಾರ್ಟರ್ಸಿನಲ್ಲಿ ನಮ್ರತಾಳ ಮನೆಗೆ ಅರಿಸಿನ ಕುಂಕುಮಕ್ಕೆ ಬಂದಿದ್ದ ಕನ್ನಡದ ಹೆಂಗಸರು ಆಟೋ ಸಿಗದೆ ಅಲ್ಲೇ ಉಳಿದರು. ದೀಪ ಹಚ್ಚುವ ಹೊತ್ತಿಗೆ ಕರೆಂಟೂ ಹೋಯಿತು. ಅವರಲ್ಲೆಲ್ಲ ಹಿರಿಯಳು ಧಾರವಾಡದ ರಾಜಮ್ಮ; ಗಂಡನ ನೌಕರಿಯ ಬೆನ್ನಿಗೆ ಮೊದಲು ವಿಜಯವಾಡ, ಆಮೇಲೆ ಇಲ್ಲಿ, ಆಂಧ್ರದಲ್ಲೇ ಆಯುಷ್ಯ ಕಳೆದವಳು.

"ಭಯ ಆಗೋ ಅಂಥ ಕತೆ ಒಂದು ಹೇಳಿ ಅಜ್ಜಿ," ಎಂದಳು ನಮ್ರತಾ.

"ಭಯದ್ದು ಹೌದೋ ಅಲ್ಲೋ ನನಗ ತಿಳೀವಲ್ದು... ಕೇಳಿ ನೀವ ಹೇಳ್ರಿ," ಎಂದು ರಾಜಮ್ಮ ಕಾಲು ಮಡಚಿ ಕೂತಳು.

"ಪೆಂದುರ್ತಿ ದಾಟಿದ ಮ್ಯಾಲೆ ಶಮಂತನ ಯಾರ್ಡ್ ಐತಿ, ನೋಡೀರೇನು? ಕೆಡವಿದ ಮನಿ, ಅಂಗಡಿ, ಗೋದಾಮು, ಎಲ್ಲಾದರ ಚಾವಣೀನೂ ಅಲ್ಲಿಗೆ ಬರ್ತೈತಿ. ಗಟ್ಟಿ ಹಂಚು ತೊಳದು ಋಷಿಕೊಂಡದ ರೆಸಾರ್ಟಿನವ್ರಿಗೆ ಮಾರ್ತಾನ, ತುಕ್ಕು ಹಿಡದ ತಗಡು ಕರಗಸಾಕ ಕಳಸ್ತಾನ, ಒಡದ ಹಂಚು ಮಷೀನಿನ್ಯಾಗ ಪುಡಿ ಮಾಡ್ತಾನ. ಅಂವ ನಮ್ಮ ರೇಣುಕಾನ ಮಗ. ರೇಣುಕಾ ವಿಜಯವಾಡದಾಗ ನಮ್ಮ ಮಗ್ಗಲ ಮನಿಯಾಕಿ, ಧಾರವಾಡದಾಕೀನ... ಬೆಂಜ್ ಸರ್ಕಲ್ ಹಿಂದಿನ ಓಣ್ಯಾಗ ಹಂಚಿನ ಬಾಡಿಗಿ ಮನಿ. ಅಕಿ ಜ್ವರ ಬಂದು ತೀರಿಕೊಂಡಾಗ ಹುಡುಗಗ ನಾಕ ವರ್ಷ. ಅವರಪ್ಪ ಮಗನ್ನ ಕರಕೊಂಡು ಈ ಊರಿಗೆ ಬಂದ, ಮತ್ತ ಅಕಿ ಹೆಸರ ಎತ್ತಲಿಲ್ಲ. ಹುಡುಗ ತೆಲುಗಿನ್ಯಾಗ ಬೆಳದ, ಇಲ್ಲೀ ಹಾರಿಕಾನ್ನ ಮದುವಿ ಆದ. ಆದ್ರ ನನ್ನ ಕಂಡಾಗೊಮ್ಮೆ, ಅಮ್ಮನ ಧ್ವನಿ ಹೆಂಗಿತ್ತು ಅಂತ ಕೇಳಾಂವ. ಧ್ವನಿ ಹೆಂಗ ಹೇಳಿ ತೋರಸೂದು, ನೀವ ಹೇಳ್ರಿ?

"ಎರಡ ಮಳಿಗಾಲದ ಹಿಂದ ವಿಜಯವಾಡದಿಂದ ಬಾಬ್ಜಿ ಅನ್ನೋ ಕಾಂಟ್ರ್ಯಾಕ್ಟರ್ ಒಂದ ಲಾರಿ ಹಂಚು ಕಳಿಸಿದ. ಬೆಂಜ್ ಸರ್ಕಲ್ ಕಡೆ ಶೋರೂಮ್ ಕಟ್ಟಾಕ ಹಳೇ ಮನಿ ಕೆಡವಿದ್ರಂತ. ಯಾರ ಮನಿ ಅಂತ ಶಮಂತ ಕೇಳಲಿಲ್ಲ... ಯಾಕ ಕೇಳ್ತಾನ? ಹಂಚು ಚಲೋ ಇದ್ವು ಅಂತ ಯಾರ್ಡಿನ ಶೆಡ್ಡಿಗೆ ತಾನ ಹೊದಿಸ್ಕೊಂಡ. ಮುಂದ ಮಳಿ ಬಂತು. ಒಬ್ಬನ ಒಳಗ ಕುಂತಾನ... ಬಾಗಲದ ಹತ್ರ ಒಂದ ಹೆಣ್ಣಿನ ಧ್ವನಿ. 'ಪುಟ್ಯಾ, ಒಳಗ ಬಾರೋ, ತಲಿ ತೋಯಿಸ್ಕೋಬ್ಯಾಡ.'

"ನೋಡ್ತಾನ, ಯಾರೂ ಇಲ್ಲ. ಸೀದಾ ನನ್ನ ಮನಿಗೆ ಬಂದ. 'ಅಜ್ಜೀ, ತೋಯಿಸ್ಕೋಬ್ಯಾಡ ಅಂಟೆ ಏಮಿಟಿ... ಅಂದ್ರೆ ಏನು?' ಮಳಿಯಾಗ ಕುಣಿಯೋ ಮಗನ್ನ ರೇಣುಕಾ ಹಂಗ ಕರೀತಿದ್ದಳು. ಪುಟ್ಯಾ ಅನ್ನಾಕಿ ಅಕಿ ಒಬ್ಬಾಕೀನ. ಆ ಹಂಚು ಅಕಿ ಮನೀವ ಅಂತ ಆಗ ನಮಗ ತಿಳೀತು."

"ಅವರಿಗೆ ಭಯ ಆಗಲಿಲ್ವಾ?" ನಮ್ರತಾಳ ಪ್ರಶ್ನೆಗೆ ರಾಜಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಹುಟ್ಟಾ ಹಸದಾಂವಗ ಅನ್ನ ಸಿಕ್ಕಂಗ ಆತವ್ವಾ, ಭಯ ಎಲ್ಲೀದು? ಮಳಿ ಬಂದ್ರ ಸಾಕು, ಗಿರಾಕಿ ಬಿಟ್ಟು, ಹೆಂಡ್ತಿ ಫೋನ್ ಬಿಟ್ಟು, ಆ ಶೆಡ್ಡಿನ್ಯಾಗ ಹೋಗಿ ಕುಂದರಾಂವ. ನನ್ನ ಕಡೆ ಒಂದೊಂದ ಮಾತು ಕಲತು, ಒಂದಿನ ಧೈರ್ಯ ಮಾಡಿ ಅಂದ, 'ಅವ್ವಾ... ನಾನು ಪುಟ್ಯಾ, ಬಂದೀನಿ.' ಧ್ವನಿ ನಿಂತತು. ಸೆರಗು ಸರಿ ಮಾಡ್ಕೊಂಡಂಗ ಸಪ್ಪಳ. ಆಮ್ಯಾಲ... 'ಯಾರ್ರೀ ನೀವು? ನಮ್ಮನಿಯವರು ಊರಾಗಿಲ್ರೀ. ದಾರ್ಯಾಗ ನಮ್ಮ ಹುಡುಗನ್ನ ಏನರ ನೋಡಿದ್ರೇನು?'

"ತಲಿ ನೆರತ ಗಂಡಸು... ಅಕಿ ಹೆಂಗ ಗುರುತ ಹಿಡೀಬೇಕು? ಅಕಿ ಹುಡುಕೂದು ನಾಕ ವರ್ಷದ ಕೂಸನ್ನ. ಅಂವ ನನ್ನ ಮುಂದ ಕುಂತು ಸಣ್ಣ ಹುಡುಗನಂಗ ಅತ್ತ."

ಕಿಟಕಿಯ ಗಾಜಿಗೆ ಮಳೆ ಬಡಿಯುತ್ತಿತ್ತು.

"ಅದ ಮಳಿಗಾಲದಾಗ ಒಂದ ಮಧ್ಯಾಹ್ನ ಹಾರಿಕಾ ಗಂಡಗ ಊಟದ ಡಬ್ಬಿ ತಂದಳು, ಸಂಗಾಟ ಮಗಳು ಸಿಂಧೂರ. ಅಕಿಗೂ ಆಗ ನಾಕ ವರ್ಷ, ಮಾರಿ ಥೇಟ್ ಅಪ್ಪಂದು. ಮಳಿ ಸುರೂ ಆತು, ಕೂಸು ಶೆಡ್ಡಿನೊಳಗ ಓಡಿತು. 'ಬಂದ್ಯಾ ಪುಟ್ಯಾ? ಎಷ್ಟ ಹೊತ್ತೋ... ಬಾ, ತಲಿ ಒರಸ್ತೀನಿ.' ಗಂಡ ಹೆಂಡ್ತಿ ಓಡಿ ಬಂದು ನೋಡ್ತಾರ, ಹುಡಿಗಿ ಯಾರದೋ ತೊಡಿ ಮ್ಯಾಲೆ ತಲಿ ಇಟ್ಟಂಗ ಗಾಳಿಯೊಳಗ ವಾಲ್ಯಾಳ, ಕಣ್ಣು ಅರ್ಧಾ ಮುಚ್ಯಾವ, ತುಟಿ ನೀಲಿ. ಹಾರಿಕಾ ಎಳದಳು, ಶಮಂತ ಎಳದ... ಬರವಲ್ದು. ಯಾರೋ ಅವಚಿ ಹಿಡದಂಗ. ಕೂಸಿನ ಮೈ ಅನ್ನೂದು ಮಂಜುಗಡ್ಡಿ. 'ಏವಂಡೀ, ಏದೋ ಒಕಟಿ ಚೆಯ್ಯಂಡಿ!' ಏನರ ಒಂದ ಮಾಡ್ರಿ ಅಂತ ಹಾರಿಕಾ ಚೀರಿದಳು.

"ಏನ ಮಾಡ್ತಾನ? ಹೆತ್ತಾಕಿನ್ನ ಬಡೀತಾನೇನು? ಏಣಿ ಹಚ್ಚಿ ಚಾವಣಿ ಹತ್ತಿದ. ಅಳಕೋತ ಒಂದೊಂದ ಹಂಚು ಕಿತ್ತು ಒಗದ, ಮಳಿ ಒಳಗ ಸುರೀತು. 'ಅಯ್ಯ, ಸೋರಾಕತ್ತೈತಲ್ಲೋ... ಕೂಸು ತೋಯ್ತೈತಿ...' ಅಂತ ಕೆಳಗ ಅಕಿ ಚಡಪಡಿಸಿದಳು. ಕಡೀ ಹಂಚು ಕಿತ್ತು ಅಂವ ಒಳಗ ಬಂದಾಗ ಧ್ವನಿ ಬಾಳ ಸಣ್ಣ ಆಗಿತ್ತು. 'ಅಣ್ಣಾರೀ, ನಿಮಗ ಕೈ ಮುಗೀತೀನಿ. ನನ್ನ ಮನಿ ಹೋತು. ಈ ಕೂಸನ್ನ ಎಲ್ಲೆರ ಒಣಾ ಜಾಗಾಕ್ಕ ಕರಕೊಂಡ ಹೋಗ್ರಿ.' ಕೂಸು ಹಗೂರ ಅವನ ಕೈಯಾಗ ಬಂತು. ಕೊಟ್ಟಾಕಿಗೆ ಮಾತ್ರ, ಯಾರ ಕೈಯಾಗ ಕೊಟ್ಟೆ ಅಂತ ತಿಳೀಲಿಲ್ಲ."

ಯಾರೋ ಒಬ್ಬಳು ಮೂಗು ಒರೆಸಿಕೊಂಡಳು.

"ಹಾರಿಕಾ ನಿಂತು ಅಷ್ಟೂ ಹಂಚು ಪುಡಿ ಮಾಡಿಸಿದಳು. ಮಷೀನಿನ ಗುಂಡಿ ಒತ್ತಿದಾಂವ ಶಮಂತ."

"ಅಲ್ಲಿಗೆ ಮುಗೀತಲ್ಲ ಅಜ್ಜಿ?"

"ನಾವೂ ಹಂಗ ಅಂದ್ಕೊಂಡ್ವಿ. ಸಿಂಧೂರಗ ಕನ್ನಡ ಬರೂದಿಲ್ಲವ್ವಾ, ಮನಿಯಾಗ ಯಾರೂ ಕಲಿಸಿಲ್ಲ. ಹೋದ ವರ್ಷ ಮೊದಲ ಮಳಿ ಬಿದ್ದಾಗ ಆ ಹುಡಿಗಿ ಅಪ್ಪನ ಮುಂದ ಬಂದು, ಅವನ ಗಲ್ಲ ಸವರಿ, ನಮ್ಮ ಧಾರವಾಡದ ಮಾತಿನ್ಯಾಗ ಅಂದಳಂತ... 'ಎಷ್ಟ ದೊಡ್ಡಾಂವ ಆಗೀಯೋ ನನ್ನ ಪುಟ್ಯಾ.' ಶಮಂತ 'ಅವ್ವಾ' ಅಂತ ಆ ಕೈ ಹಿಡಕೊಂಡ.

"ಈಗ ಮಳಿ ಬಂದ್ರ ಹಾರಿಕಾ ಕಿಟಕಿ ಮುಚ್ಚತಾಳ, ಅಂವ ತಗೀತಾನ. ಮಗಳು ಬೇಕು ಅಂತ ಅಕಿ ಅಳ್ತಾಳ, ಇನ್ನೊಂದೀಟು ಹೊತ್ತು ಅಂತ ಇಂವ ಬೇಡ್ಕೋತಾನ. ಹೋದ ವರ್ಷ ಮಳಿ ನಿಂತ ಕೂಡಲೇ ಕೂಸು 'ನಾನ್ನಾ, ಅನ್ನಂ ಪೆಟ್ಟು', ಅಪ್ಪಾ ಊಟಕ್ಕ ಹಾಕು ಅಂತ ತೆಲುಗಿಗೆ ಬರ್ತಿತ್ತು. ಈ ವರ್ಷ ಮಳಿ ನಿಂತ ಮ್ಯಾಲೂ ಬಾಳ ಹೊತ್ತು ಬರೂದಿಲ್ಲ..."

ರಾಜಮ್ಮ ಸೆರಗನ್ನು ಭುಜದ ತುಂಬ ಎಳೆದುಕೊಂಡಳು.

"ನಾ ಇಲ್ಲಿಗೆ ಹೊರಡೂ ಮುಂದ ಹಾರಿಕಾ ಫೋನ್ ಮಾಡಿದ್ದಳು. ಈ ಮಳಿ ಯಾವಾಗ ನಿಲ್ತೈತಿ ಅಂತ ಕೇಳಾಕತ್ತಿದ್ದಳು. ಹಿಂದ ಅಪ್ಪ ಮಗಳು ನಗೂದು ಕೇಳಿಸ್ತು. ಆ ಹೆಣ್ಣಿನ ನಗು... ಕೂಸಿಂದಲ್ಲವ್ವಾ. ಮಗ್ಗಲ ಮನಿಯಾಕಿ ನಗು ನನಗ ಗುರುತ ಸಿಗೂದಿಲ್ಲೇನು?"